ಪಾಳೆಯದ ಹೊರಗೆ

ಬೆಂಗಳೂರಿನ ಪೇಟೆಯಿಂದ ಪಶ್ಚಿಮಾಭಿಮುಖವಾಗಿ ಮಾಗಡಿಗೆ ಸಾಗುವ ರಸ್ತೆಯು ಕಾಮಾಕ್ಷಿಪಾಳ್ಯವನ್ನು ಹಾದು ಸುಂಕದಕಟ್ಟೆಯನ್ನು ಸೇರುವುದಕ್ಕೆ ಮೊದಲು, ಇಂದು ಬಹುಜನರಿಗೆ ಒಂದು ಮೇಲ್ಸೇತುವೆಯ ಹೆಸರಾಗಿ ಮಾತ್ರ ಪರಿಚಿತವಾಗಿರುವ ಸುಮನಹಳ್ಳಿಯನ್ನು ಮುಟ್ಟುತ್ತದೆ. ಆ ಸೇತುವೆಯಲ್ಲಿ ಬಿದ್ದ ಗುಂಡಿಯ ವೃತ್ತಾಂತವನ್ನು ಪತ್ರಿಕೆಗಳಲ್ಲಿ ಓದಿ ಬಲ್ಲವರಲ್ಲಿ, ಅದರ ಪಕ್ಕದಲ್ಲಿರುವ ವಸತಿಯ ವೃತ್ತಾಂತವನ್ನು ಬಲ್ಲವರು ವಿರಳ. ನಗರವು ಇನ್ನೂ ಇತ್ತ ಹಬ್ಬಿರದಿದ್ದ ಕಾಲದಲ್ಲಿ, ತನ್ನ ಕಣ್ಣೆದುರಿಗೆ ಇರಬಾರದೆಂದು ಅದು ಬಗೆದವರಿಗೆಲ್ಲ ಈ ದಿಕ್ಕನ್ನು ತೋರಿಸಿದಂತೆ ಕಾಣುತ್ತದೆ. ಕುಷ್ಠರೋಗಿಗಳ ಸರಕಾರಿ ಆಸ್ಪತ್ರೆಯೂ ಮಾಗಡಿ ರಸ್ತೆಯಲ್ಲಿಯೇ, ಜನರು ಭಿಕ್ಷುಕರ ಕಾಲೋನಿಯೆಂದು ಕರೆಯುವ ನಿರಾಶ್ರಿತರ ಪರಿಹಾರ ಕೇಂದ್ರವೂ ಮಾಗಡಿ ರಸ್ತೆಯಲ್ಲಿಯೇ.

1975ರಲ್ಲಿ ಕರ್ನಾಟಕದಲ್ಲಿ ಭಿಕ್ಷಾಟನೆಯನ್ನು ನಿಷೇಧಿಸುವ ಅಧಿನಿಯಮವು ಬಂದಿತು. ಬೇಡುವುದನ್ನು ನಿಷೇಧಿಸುವುದು ಶಾಸನಕ್ಕೆ ಸುಲಭ. ಬೆರಳುಗಳು ಸವೆದು, ಊರಿನಿಂದಲೂ ಬಂಧುಗಳಿಂದಲೂ ಪರಿತ್ಯಕ್ತನಾಗಿ, ದೇವಾಲಯದ ಮುಂದೆಯೋ ಸಂತೆಯ ಬಾಗಿಲಿನಲ್ಲಿಯೋ ಕೈಯೊಡ್ಡಿ ಕುಳಿತವನು ಮರುದಿನ ಏನನ್ನು ಮಾಡಿ ಉಣ್ಣಬೇಕೆಂಬುದನ್ನು ನಿರ್ಣಯಿಸುವುದು ಸುಲಭವಲ್ಲ. ದೇವರಾಜ ಅರಸರ ಆಡಳಿತಕಾಲದಲ್ಲಿ, 1977ರಲ್ಲಿ, ಸರಕಾರವು ಈ ಪ್ರಶ್ನೆಯನ್ನು ಬೆಂಗಳೂರಿನ ಆರ್ಚ್‌ಬಿಷಪ್ ಪಾಕಿಯಂ ಆರೋಕಿಯಸ್ವಾಮಿಯವರ ಮುಂದಿಟ್ಟು, ಮಾಗಡಿ ರಸ್ತೆಯಲ್ಲಿ 60 ಎಕರೆಗೂ ಮಿಕ್ಕ ಭೂಮಿಯನ್ನು ಒದಗಿಸಿತು. ಹಾಗೆ ಹುಟ್ಟಿದ್ದು ಸುಮನಹಳ್ಳಿ ಎಂಬ ಕುಷ್ಠರೋಗಿಗಳ ವಸತಿ. ಲೌಕಿಕ ಸರಕಾರವೊಂದು ಚರ್ಚಿನ ಬಾಗಿಲನ್ನು ತಟ್ಟಿದುದೇಕೆ? ದಾದಿಯರು, ಹಣ, ಶಿಸ್ತು ಎಂಬ ಉತ್ತರಗಳು ಅಸತ್ಯವಲ್ಲದಿದ್ದರೂ ಪೂರ್ಣವಲ್ಲ. ಈ ರೋಗದ ಬಳಿಯಲ್ಲಿ ವಾಸಿಸುವ ಒಂದು ಅಭ್ಯಾಸವು ಆ ಪರಂಪರೆಗೆ ಆಗಲೇ ಶತಮಾನದಷ್ಟು ಹಳೆಯದಾಗಿತ್ತು ಎಂಬುದನ್ನೂ ಎಣಿಸಬೇಕು.

1873ನೆಯ ವರ್ಷವು ಈ ಚರಿತ್ರೆಯಲ್ಲಿ ಎರಡು ವಿಧದಿಂದ ಸ್ಮರಣೀಯ. ನಾರ್ವೆಯ ವೈದ್ಯ ಹ್ಯಾನ್ಸೆನ್ ಕುಷ್ಠದ ಸೂಕ್ಷ್ಮಾಣುವನ್ನು ಕಂಡುಹಿಡಿದು, ಅದು ವಂಶದ ಶಾಪವಲ್ಲ, ಒಂದು ಸೋಂಕು ಎಂಬುದಕ್ಕೆ ಆಧಾರವನ್ನೊದಗಿಸಿದುದು ಆ ವರ್ಷ. ಬೆಲ್ಜಿಯಮ್ಮಿನ ಪಾದ್ರಿ ಡೇಮಿಯನ್ ಹವಾಯಿಯ ಮೊಲೊಕಾಯ್ ದ್ವೀಪದಲ್ಲಿ ರೋಗಿಗಳ ನಡುವೆ ನೆಲಸಲು ಹೋದುದೂ ಆ ವರ್ಷವೇ. ಹ್ಯಾನ್ಸೆನ್ ಕಾರಣವನ್ನು ಕಂಡನಾದರೂ ಔಷಧವಿರಲಿಲ್ಲ. ಡೇಮಿಯನ್ ಹದಿನಾರು ವರ್ಷ ಅವರೊಡನೆ ಬಾಳಿ 1889ರಲ್ಲಿ ಅದೇ ರೋಗದಿಂದ ತೀರಿಕೊಂಡನು. ಅದರ ಮರುವರ್ಷ, 1890ರಲ್ಲಿ, ನಮ್ಮ ಮಂಗಳೂರಿನ ಕಂಕನಾಡಿಯಲ್ಲಿ ಜರ್ಮನಿಯ ಜೆಸುಯಿಟ್ ಪಾದ್ರಿ ಆಗಸ್ಟಸ್ ಮುಲ್ಲರ್ ಕುಷ್ಠರೋಗಿಗಳಿಗೆ ಆಶ್ರಯವನ್ನು ತೆರೆದರು. 1880ರಲ್ಲಿ ಬಡವರಿಗಾಗಿ ಹೋಮಿಯೋಪತಿಯ ಗುಳಿಗೆಗಳನ್ನು ಹಂಚುತ್ತ ಆರಂಭಿಸಿದವರು ಅವರು. ಆ ಗುಳಿಗೆಗಳು ಕುಷ್ಠವನ್ನು ವಾಸಿಮಾಡುತ್ತಿದ್ದವೆಂದು ನಾನು ನಂಬಲಾರೆ. ಚಾಲ್‌ಮೂಗ್ರ ಎಣ್ಣೆಯ ಹೊರತು ಆ ಕಾಲದಲ್ಲಿ ವೈದ್ಯರ ಕೈಯಲ್ಲಿ ಹೆಚ್ಚೇನೂ ಇರಲಿಲ್ಲ; ಸಲ್ಫೋನ್ ವರ್ಗದ ಮದ್ದುಗಳು ಬಂದುದು 1940ರ ದಶಕದಲ್ಲಿ. ಅಂದಮೇಲೆ, ಅರ್ಧ ಶತಮಾನಕ್ಕೂ ಮಿಕ್ಕಿ ಈ ಆಶ್ರಯಗಳಲ್ಲಿ ದುಡಿದವರು ಗುಣವಾಗದ ರೋಗಕ್ಕೆ ಪ್ರತಿದಿನವೂ ಹುಣ್ಣು ತೊಳೆದು ಬಟ್ಟೆ ಕಟ್ಟುತ್ತಿದ್ದರು. ಫಲವನ್ನು ಕಾಣದೆ ಇಂಥ ಕೆಲಸವನ್ನು ವರ್ಷಾನುವರ್ಷ ನಡೆಸುವ ಮನೋಬಲವು ಎಲ್ಲಿಂದ ಬಂದಿತೆಂಬುದೇ ನನಗೆ ಕುತೂಹಲದ ವಿಷಯ.

ಮಾರ್ಕನ ಸುವಾರ್ತೆಯ ಮೊದಲನೆಯ ಅಧ್ಯಾಯದಲ್ಲಿ ಕುಷ್ಠರೋಗಿಯೊಬ್ಬನು ಯೇಸುವಿನ ಬಳಿಗೆ ಬರುವ ಪ್ರಸಂಗವಿದೆ. ಯಾಜಕಕಾಂಡದ ವಿಧಿಯಂತೆ ಅಂಥವನು ಪಾಳೆಯದ ಹೊರಗೆ ಒಂಟಿಯಾಗಿರತಕ್ಕವನು. ಅವನನ್ನು ಮುಟ್ಟಿದವನೂ ಅಶುದ್ಧನು. ಇಲ್ಲಿ ಗಮನಿಸಬೇಕಾದುದು ಕ್ರಮ. ಯೇಸು ಮೊದಲು ಕೈಚಾಚಿ ಅವನನ್ನು ಮುಟ್ಟುತ್ತಾನೆ. ರೋಗವು ಬಿಡುವುದು ಆಮೇಲೆ. ಗುಣವಾದ ಮೇಲೆ ಮುಟ್ಟಲು ಯಾರು ತಾನೆ ಅಂಜುವರು? ಕಂಕನಾಡಿಯಂಥ ಆಶ್ರಯಗಳಲ್ಲಿ ದುಡಿದವರ ಬಲವು ಈ ಕ್ರಮದಲ್ಲಿದ್ದಿತೆಂದು ನನ್ನ ಎಣಿಕೆ. ವಾಸಿಮಾಡುವುದು ತಮ್ಮ ಪಾಲಿನದಲ್ಲ, ಮುಟ್ಟುವುದು ತಮ್ಮ ಪಾಲಿನದು ಎಂದುಕೊಂಡವರನ್ನು ಸೋಲು ಬೇಗನೆ ಎದೆಗೆಡಿಸಲಾರದು.

ಆದರೆ ಈ ಧರ್ಮದ ಕೈಯೂ ಸರ್ವಕಾಲದಲ್ಲಿಯೂ ಚಾಚಿದ್ದ ಕೈಯಲ್ಲ. ಮಧ್ಯಯುಗದ ಯೂರೋಪಿನ ಕೆಲವೆಡೆ, ಕುಷ್ಠರೋಗಿಯು ಬದುಕಿರುವಾಗಲೇ ಅವನಿಗಾಗಿ ಶವಸಂಸ್ಕಾರದಂಥ ವಿಧಿಯನ್ನು ನಡೆಸಿ ಊರಾಚೆಗೆ ಕಳುಹಿಸುತ್ತಿದ್ದರು. ನಮ್ಮಲ್ಲಿ ದೊಡ್ಡರೋಗವೆಂದು ತಗ್ಗಿದ ದನಿಯಲ್ಲಿ ಹೇಳಿ, ಪೂರ್ವಜನ್ಮದ ಪಾಪವೆಂದು ಕಾರಣವನ್ನು ಮುಗಿಸಿಬಿಡುತ್ತಿದ್ದಂತೆ, ಅವರಲ್ಲಿಯೂ ದೇವರ ಶಿಕ್ಷೆಯೆಂಬ ಮಾತು ಸುಲಭವಾಗಿ ನಾಲಗೆಗೆ ಬರುತ್ತಿತ್ತು. ಅಂಗಾಲಿನಿಂದ ನೆತ್ತಿಯವರೆಗೆ ಹುಣ್ಣೆದ್ದು ಬೂದಿಯಲ್ಲಿ ಕುಳಿತ ಯೋಬನಿಗೆ ಅವನ ಸ್ನೇಹಿತರು ಹೇಳಿದುದೂ ಅದನ್ನೇ. ಕಥೆಯ ಕೊನೆಯಲ್ಲಿ ದೇವರು ಕೋಪಿಸಿಕೊಳ್ಳುವುದು ಯೋಬನ ಮೇಲಲ್ಲ, ಆ ಸ್ನೇಹಿತರ ಮೇಲೆ. ರೋಗಿಯಾದವನು ಈ ಭಾಗವನ್ನು ಕೇಳಿದಾಗ ಅವನಿಗಾಗುವ ಸಮಾಧಾನವು ಆರೋಗ್ಯವಂತನಿಗೆ ಊಹೆಗೆ ಮಾತ್ರ ನಿಲುಕುವಂಥದು: ತಾನು ದಂಡಿತನಲ್ಲ, ಪೀಡಿತನು ಎಂಬ ಅರಿವೇ ಅರ್ಧ ಬೆನ್ನೆಲುಬು.

ಉಳಿದರ್ಧವು ದುಡಿಮೆಯಿಂದ ಬರಬೇಕು. ಕುಷ್ಠವು ನರಗಳನ್ನು ಹಿಡಿದು ಸ್ಪರ್ಶಜ್ಞಾನವನ್ನು ಅಪಹರಿಸುತ್ತದೆ. ಬಿಸಿಪಾತ್ರೆಯನ್ನು ಹಿಡಿದ ಕೈಗೆ ಸುಟ್ಟುದು ತಿಳಿಯದು, ಮುಳ್ಳು ನೆಟ್ಟ ಕಾಲು ನಡೆಯುತ್ತಲೇ ಇರುತ್ತದೆ. ಕೊಲ್ಲಿಮಲೆಯ ಮಿಷನರಿ ದಂಪತಿಗಳ ಮಗನಾಗಿ ಹುಟ್ಟಿ ವೆಲ್ಲೂರಿನ ಕ್ರಿಶ್ಚಿಯನ್ ಮೆಡಿಕಲ್ ಕಾಲೇಜಿನಲ್ಲಿ ಶಸ್ತ್ರವೈದ್ಯನಾಗಿದ್ದ ಪಾಲ್ ಬ್ರ್ಯಾಂಡ್, ಬೆರಳುಗಳು ನಾಶವಾಗುವುದಕ್ಕೆ ಈ ನೋವಿಲ್ಲದಿರುವಿಕೆಯೇ ಮುಖ್ಯ ಕಾರಣವೆಂದು ತೋರಿಸಿ, ಸೆಟೆದ ಕೈಗಳಿಗೆ ಸ್ನಾಯುರಜ್ಜುಗಳನ್ನು ಬದಲಿಸಿ ಜೋಡಿಸುವ ಚಿಕಿತ್ಸೆಯನ್ನು 1940ರ ದಶಕದ ಕೊನೆಗೆ ಆರಂಭಿಸಿದನು. ನೋವನ್ನು ಅವನು ದೇವರ ಕೊಡುಗೆಯೆಂದೇ ಕರೆದನು. ದುಃಖವನ್ನು ನೀಗಿಸೆಂದು ಪ್ರಾರ್ಥಿಸುವ ನಮ್ಮಂಥವರಿಗೆ ಈ ಮಾತು ಒಡನೆಯೇ ರುಚಿಸದು. ಹೀಗೆ ತೆರೆದ ಕೈಗೆ ಕಸಬೊಂದು ಬೇಕಷ್ಟೆ. ಸುಮನಹಳ್ಳಿಯಲ್ಲಿ ಚರ್ಮದ ಸಾಮಾನಿನ ಕೆಲಸವನ್ನೂ ಹೊಲಿಗೆಯನ್ನೂ ಕಲಿಸಿದುದು ಈ ಅಗತ್ಯಕ್ಕಾಗಿ. ಒಳಗೆ ಬರುವವನ ಜಾತಿಮತಗಳನ್ನು ಅಲ್ಲಿ ಕೇಳುವುದಿಲ್ಲ. ನಂಬಿಕೆಯು ಸೇವೆಮಾಡುವವನ ಬಲವಾಗಿರಬಹುದು, ಸೇವೆ ಪಡೆಯುವವನ ಮೇಲಿನ ಸುಂಕವಾಗಬಾರದು.

1981ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯು ಬಹು ಔಷಧ ಚಿಕಿತ್ಸೆಯನ್ನು ಶಿಫಾರಸು ಮಾಡಿದ ಬಳಿಕ ರೋಗವು ತಿಂಗಳುಗಳ ಲೆಕ್ಕದಲ್ಲಿ ವಾಸಿಯಾಗತೊಡಗಿತು. 10,000 ಜನರಿಗೆ ಒಬ್ಬರಿಗಿಂತ ಕಡಿಮೆ ರೋಗಿಗಳಿರುವ ಮಟ್ಟವನ್ನು ಭಾರತವು 2005ರ ಕೊನೆಗೆ ಮುಟ್ಟಿತು. ಶಾಸನವು ಹಿಂದೆ ಬಿದ್ದಿತು: ಬಡ ಕುಷ್ಠರೋಗಿಗಳನ್ನು ಹಿಡಿದು ಆಶ್ರಯಗಳಲ್ಲಿ ಇರಿಸಲು ಅವಕಾಶವಿತ್ತ 1898ರ ಬ್ರಿಟಿಷ್ ಕಾಯಿದೆಯು ರದ್ದಾದುದು 2016ರಲ್ಲಿ, ವಿವಾಹ ವಿಚ್ಛೇದನಕ್ಕೆ ಕುಷ್ಠವನ್ನು ಕಾರಣವೆಂದು ಎಣಿಸುವ ನಿಯಮವು ಹೋದುದು 2019ರಲ್ಲಿ. ಮನೆಯವರು ಅದಕ್ಕಿಂತಲೂ ಹಿಂದೆ ಬಿದ್ದರು. ಗುಣವಾದವರಲ್ಲಿ ಅನೇಕರಿಗೆ ಹಿಂತಿರುಗಲು ಊರೇ ಉಳಿಯಲಿಲ್ಲವಾದ್ದರಿಂದ, ತಂಗುದಾಣಗಳೆಂದು ಕಟ್ಟಿದ ವಸತಿಗಳು ದೇಶದ ಹಲವೆಡೆ ಶಾಶ್ವತವಾದ ಬೀದಿಗಳಾದವು. ಸುಮನಹಳ್ಳಿಯೂ ಕಾಲಕ್ರಮದಲ್ಲಿ ಎಚ್‌ಐವಿ ಪೀಡಿತರನ್ನೂ ಅಂಗವಿಕಲರನ್ನೂ ಒಳಕ್ಕೆ ಕರೆದುಕೊಂಡಿತು. ಪಾಳೆಯದ ಹೊರಗೆ ಕಳುಹಿಸುವ ಕೆಲಸವನ್ನು ನಗರವು ಬೇರೆ ರೋಗಗಳ ಹೆಸರಿನಲ್ಲಿ ಮುಂದುವರಿಸಿತ್ತು.