ದೆಹಲಿ ಪಾಲಿಕೆಯ ಸಾರ್ವಜನಿಕ ಆರೋಗ್ಯ ವಿಭಾಗದ ಕೆಲಸವೇನು? ಡೆಂಗ್ಯೂ ತಪಾಸಣೆಯಿಂದ ಜನನ ನೋಂದಣಿವರೆಗೆ ಇಲ್ಲಿದೆ ಮಾಹಿತಿ

ನವದೆಹಲಿ: ಮಳೆಗಾಲ ಬಂತೆಂದರೆ ದೆಹಲಿಯ ಮನೆ ಬಾಗಿಲಿಗೆ ಪಾಲಿಕೆ ನೌಕರರು ಟಾರ್ಚ್ ಹಿಡಿದು ಬರುತ್ತಾರೆ. ಕೂಲರ್, ತಾರಸಿಯ ಟ್ಯಾಂಕ್, ಹೂಕುಂಡದ ತಟ್ಟೆಗಳಲ್ಲಿ ಸೊಳ್ಳೆ ಮರಿಗಳಿವೆಯೇ ಎಂದು ನೋಡುತ್ತಾರೆ. ಇವರು ದೆಹಲಿ ಮಹಾನಗರ ಪಾಲಿಕೆಯ, ಅಂದರೆ ಎಂಸಿಡಿಯ ಸಾರ್ವಜನಿಕ ಆರೋಗ್ಯ ವಿಭಾಗದವರು. ರೋಗಿಗೆ ಚಿಕಿತ್ಸೆ ಕೊಡುವುದು ಆಸ್ಪತ್ರೆಯ ಕೆಲಸವಾದರೆ, ರೋಗ ಬಾರದಂತೆ ನೋಡಿಕೊಳ್ಳುವುದು ಈ ವಿಭಾಗದ ಕೆಲಸ.

ಯಾರ ವ್ಯಾಪ್ತಿ ಎಲ್ಲಿ?

2012ರಲ್ಲಿ ಉತ್ತರ, ದಕ್ಷಿಣ, ಪೂರ್ವ ಎಂದು ಮೂರು ಹೋಳಾಗಿದ್ದ ಎಂಸಿಡಿ 2022ರ ಮೇ 22ರಂದು ಮತ್ತೆ ಒಂದಾಯಿತು. ಈಗ ಇದರಲ್ಲಿ 12 ವಲಯ, 250 ವಾರ್ಡ್‌ಗಳಿವೆ. ಆರೋಗ್ಯ ವಿಭಾಗಕ್ಕೆ ಮುನಿಸಿಪಲ್ ಆರೋಗ್ಯಾಧಿಕಾರಿ ಮುಖ್ಯಸ್ಥರು. ವಲಯಗಳ ಹೊಣೆ ಉಪ ಆರೋಗ್ಯಾಧಿಕಾರಿಗಳದ್ದು.

ಆದರೆ ದೆಹಲಿಯೆಲ್ಲ ಎಂಸಿಡಿ ಕೈಯಲ್ಲಿಲ್ಲ. ಸಂಸತ್ ಭವನದ ಸುತ್ತಲಿನ ಪ್ರದೇಶ ನವದೆಹಲಿ ಮುನಿಸಿಪಲ್ ಕೌನ್ಸಿಲ್‌ಗೆ, ಸೇನಾ ಪ್ರದೇಶ ದೆಹಲಿ ಕಂಟೋನ್ಮೆಂಟ್ ಮಂಡಳಿಗೆ ಸೇರಿದೆ. ನೋಯ್ಡಾ, ಗಾಜಿಯಾಬಾದ್ ಉತ್ತರ ಪ್ರದೇಶದಲ್ಲಿವೆ. ಗುರುಗ್ರಾಮ, ಫರೀದಾಬಾದ್ ಹರಿಯಾಣದಲ್ಲಿವೆ. ಸೊಳ್ಳೆಗೆ ಗಡಿಯಿಲ್ಲ, ಆದರೆ ದೂರು ಕೊಡುವ ಕಚೇರಿ ಮಾತ್ರ ಊರಿಂದ ಊರಿಗೆ ಬೇರೆ.

ಡೆಂಗ್ಯೂ ಕಲಿಸಿದ ಪಾಠ

1996ರಲ್ಲಿ ದೆಹಲಿಯಲ್ಲಿ 10,252 ಮಂದಿಗೆ ಡೆಂಗ್ಯೂ ತಗುಲಿ 423 ಮಂದಿ ಮೃತಪಟ್ಟರು. 2015ರಲ್ಲಿ ಪ್ರಕರಣಗಳ ಸಂಖ್ಯೆ 15,867ಕ್ಕೇರಿದರೂ ಅಧಿಕೃತ ಲೆಕ್ಕದಂತೆ ಸಾವು 60. ಆದರೂ ಆ ವರ್ಷ ಆಸ್ಪತ್ರೆಗಳಲ್ಲಿ ಹಾಸಿಗೆಗಾಗಿ ಜನ ಪರದಾಡಬೇಕಾಯಿತು.

ಡೆಂಗ್ಯೂ ಹರಡುವ ಈಡಿಸ್ ಸೊಳ್ಳೆ ಚರಂಡಿಗಿಂತ ಹೆಚ್ಚಾಗಿ ಮನೆಯೊಳಗಿನ ತಿಳಿನೀರಿನಲ್ಲಿ ಮೊಟ್ಟೆ ಇಡುತ್ತದೆ. ಮೊಟ್ಟೆಯಿಂದ ಸೊಳ್ಳೆಯಾಗಲು ಸುಮಾರು ಏಳರಿಂದ ಹತ್ತು ದಿನ ಸಾಕು. ಹೊಗೆ ಹಾಕಿದರೆ ಹಾರುವ ಸೊಳ್ಳೆ ಸಾಯುತ್ತದೆ, ನೀರಿನಲ್ಲಿರುವ ಮರಿ ಸಾಯುವುದಿಲ್ಲ. ಹಾಗಾಗಿಯೇ ಫಾಗಿಂಗ್ ಯಂತ್ರಕ್ಕಿಂತ ಮನೆಮನೆ ತಪಾಸಣೆ ಮುಖ್ಯ.

ಸೊಳ್ಳೆ ಉತ್ಪತ್ತಿಗೆ ಅವಕಾಶ ಕೊಟ್ಟವರಿಗೆ ನೋಟಿಸ್, ದಂಡ ವಿಧಿಸಲು 1975ರ ಮಲೇರಿಯಾ ಹಾಗೂ ಸೊಳ್ಳೆಜನ್ಯ ರೋಗಗಳ ಉಪನಿಯಮಗಳು ಪಾಲಿಕೆಗೆ ಅಧಿಕಾರ ನೀಡುತ್ತವೆ. 2021ರ ಅಕ್ಟೋಬರ್‌ನಿಂದ ಡೆಂಗ್ಯೂ, ಮಲೇರಿಯಾ, ಚಿಕೂನ್‌ಗುನ್ಯಾ ಪ್ರಕರಣಗಳನ್ನು ಖಾಸಗಿ ಆಸ್ಪತ್ರೆಗಳೂ ಸರ್ಕಾರಕ್ಕೆ ಕಡ್ಡಾಯವಾಗಿ ತಿಳಿಸಬೇಕು. ಎಲ್ಲಿ ರೋಗಿ ಇದ್ದಾರೆಂದು ಗೊತ್ತಾದರೆ ಮಾತ್ರ ಆ ಬೀದಿಗೆ ಸಿಬ್ಬಂದಿ ಹೋಗಲು ಸಾಧ್ಯ. ಕರ್ನಾಟಕ ಕೂಡ 2024ರ ಸೆಪ್ಟೆಂಬರ್‌ನಲ್ಲಿ ಡೆಂಗ್ಯೂವನ್ನು ಸಾಂಕ್ರಾಮಿಕ ರೋಗವೆಂದು ಘೋಷಿಸಿ, ಸೊಳ್ಳೆ ಉತ್ಪತ್ತಿಗೆ ಎಡೆಮಾಡಿಕೊಡುವ ಮನೆ, ಕಟ್ಟಡಗಳಿಗೆ ದಂಡ ನಿಗದಿ ಮಾಡಿತು.

ಬಾಗಿಲಲ್ಲೇ ನಿಲ್ಲುವ ಕೆಲಸ

ಮನೆ ತಪಾಸಣೆ ಮಾಡುವವರನ್ನು ಡೊಮೆಸ್ಟಿಕ್ ಬ್ರೀಡಿಂಗ್ ಚೆಕರ್ಸ್, ಚುಟುಕಾಗಿ ಡಿಬಿಸಿ ಎಂದು ಕರೆಯುತ್ತಾರೆ. ವರ್ಷಗಟ್ಟಲೆ ಗುತ್ತಿಗೆಯಲ್ಲೇ ದುಡಿದ ಇವರು ಕೆಲಸ ಕಾಯಂ ಮಾಡುವಂತೆ ಹಲವು ಬಾರಿ ಮುಷ್ಕರ ಹೂಡಿದ್ದಾರೆ. ಅತ್ತ ಅಪರಿಚಿತರೆಂಬ ಭಯಕ್ಕೆ ಮನೆಯವರು ಬಾಗಿಲು ತೆರೆಯುವುದಿಲ್ಲ. ಕೆಲಸಕ್ಕೆ ಹೋದವರ ಮನೆಗೆ ಬೀಗ. ನೋಡದೆ ಬಿಟ್ಟ ಒಂದು ಕೂಲರ್ ಸುತ್ತಲಿನ ಮನೆಗಳಿಗೆಲ್ಲ ಡೆಂಗ್ಯೂ ತರಬಲ್ಲದು. ಗುರುತಿನ ಚೀಟಿ ಕೇಳಿ ನೋಡಿ, ಒಳಗೆ ಬಿಡಿ.

ಜನನ, ಮರಣ ನೋಂದಣಿ

ಜನನ, ಮರಣ ನೋಂದಣಿಯೂ ಇದೇ ವಿಭಾಗದ ಹೊಣೆ. 1969ರ ಕಾಯ್ದೆಯಂತೆ 21 ದಿನಗಳೊಳಗೆ ಮಾಹಿತಿ ಕೊಡಬೇಕು. ನೋಂದಣಿ ನಡೆಯುವುದು ಮಗು ಹುಟ್ಟಿದ ಸ್ಥಳದಲ್ಲಿ, ಪೋಷಕರು ವಾಸಿಸುವ ಸ್ಥಳದಲ್ಲಿ ಅಲ್ಲ. ನೀವು ದ್ವಾರಕಾದಲ್ಲಿದ್ದು ಮಗು ಗುರುಗ್ರಾಮದ ಆಸ್ಪತ್ರೆಯಲ್ಲಿ ಹುಟ್ಟಿದ್ದರೆ ಪ್ರಮಾಣಪತ್ರ ಸಿಗುವುದು ಹರಿಯಾಣದಲ್ಲಿ. 2023ರ ಅಕ್ಟೋಬರ್ 1ರ ನಂತರ ಹುಟ್ಟಿದ ಮಕ್ಕಳಿಗೆ ಶಾಲೆ ಸೇರ್ಪಡೆ, ಪಾಸ್‌ಪೋರ್ಟ್ ಮುಂತಾದವುಗಳಿಗೆ ಈ ಪತ್ರವೇ ಜನ್ಮದಿನಾಂಕದ ದಾಖಲೆ. ಸಾವಿನ ನೋಂದಣಿಯಿಂದ ಯಾವ ಕಾಯಿಲೆ ಎಲ್ಲಿ ಜೀವ ತೆಗೆಯುತ್ತಿದೆ ಎಂಬ ಲೆಕ್ಕವೂ ಸಿಗುತ್ತದೆ.

ಇದಲ್ಲದೆ ಹೋಟೆಲ್ ಮುಂತಾದ ಉದ್ದಿಮೆಗಳಿಗೆ ಆರೋಗ್ಯ ಪರವಾನಗಿ ನೀಡುವುದೂ ಇದೇ ವಿಭಾಗ. ಕಸ ವಿಲೇವಾರಿ ಮತ್ತು ಬೀದಿನಾಯಿಗಳ ವಿಚಾರಕ್ಕೆ ಪಾಲಿಕೆಯಲ್ಲಿ ಬೇರೆ ಇಲಾಖೆಗಳಿವೆ.

ನೀವು ಮಾಡಬೇಕಾದ್ದೇನು?

* ವಾರಕ್ಕೊಮ್ಮೆ ಕೂಲರ್ ಖಾಲಿ ಮಾಡಿ, ಒಳಗೋಡೆ ಉಜ್ಜಿ ತೊಳೆದು ಒಣಗಿಸಿ. ಅಂಟಿಕೊಂಡ ಮೊಟ್ಟೆ ನೀರಿಲ್ಲದೆಯೂ ತಿಂಗಳುಗಟ್ಟಲೆ ಉಳಿಯುತ್ತದೆ.
* ಟ್ಯಾಂಕ್, ಡ್ರಮ್‌ಗಳಿಗೆ ಬಿಗಿಯಾದ ಮುಚ್ಚಳ ಹಾಕಿ.
* ಬೇಸಿಗೆ ರಜೆಗೆ ಊರಿಗೆ ಹೊರಡುವ ಮುನ್ನ ಕೂಲರ್, ಬಕೆಟ್ ಬರಿದು ಮಾಡಿ.
* ಈಡಿಸ್ ಹಗಲಲ್ಲಿ ಕಚ್ಚುತ್ತದೆ. ಮಕ್ಕಳನ್ನು ಶಾಲೆಗೆ ಕಳಿಸುವಾಗ ತುಂಬುತೋಳಿನ ಅಂಗಿ ಹಾಕಿ.
* ಎಂಸಿಡಿ ವ್ಯಾಪ್ತಿಯ ದೂರುಗಳಿಗೆ 155305ಕ್ಕೆ ಕರೆ ಮಾಡಿ.