ಒಂದು ಪ್ರೋಟೀನು, ಎರಡು ಔಷಧ: ಎಪಿಎಲ್ ಚಿಕಿತ್ಸೆ ನಡೆದು ಬಂದ ದಾರಿ

ನಾರ್ವೆಯ ವೈದ್ಯ ಲೀಫ್ ಹಿಲ್ಲೆಸ್ಟಾಡ್ 1957ರಲ್ಲಿ ಮೂವರು ರೋಗಿಗಳ ವಿವರ ಪ್ರಕಟಿಸಿ, ರಕ್ತದ ಕ್ಯಾನ್ಸರುಗಳಲ್ಲೇ ಅತಿ ವೇಗವಾಗಿ ಜೀವ ತೆಗೆಯುವ ಬಗೆಯೊಂದನ್ನು ಬೇರೆಯಾಗಿ ಗುರುತಿಸಿದರು. ಅದೇ ಅಕ್ಯೂಟ್ ಪ್ರೊಮೈಲೊಸೈಟಿಕ್ ಲ್ಯುಕೇಮಿಯಾ, ವೈದ್ಯರ ಬಾಯಲ್ಲಿ ಎಪಿಎಲ್. ಇದರಲ್ಲಿ ಬಿಳಿ ರಕ್ತಕಣಗಳು ಅರ್ಧ ಬೆಳೆದು ನಿಂತುಬಿಡುತ್ತವೆ. ರಕ್ತ ಹೆಪ್ಪುಗಟ್ಟುವ ವ್ಯವಸ್ಥೆ ಕೆಟ್ಟು ಮಿದುಳಿನಲ್ಲೋ ಶ್ವಾಸಕೋಶದಲ್ಲೋ ರಕ್ತಸ್ರಾವವಾಗುತ್ತದೆ. ಇಂದು ಮೊದಲ ಕೆಲವು ವಾರಗಳನ್ನು ದಾಟಿದ ರೋಗಿಗಳಲ್ಲಿ ಬಹುಪಾಲು ಜನ ಗುಣವಾಗುತ್ತಾರೆ, ಅದೂ ಹಲವರು ಕೀಮೋಥೆರಪಿಯೇ ಇಲ್ಲದೆ. ಈ ಬದಲಾವಣೆಯ ಬೇರು ಇರುವುದು ಚೀನಾದ ಎರಡು ಊರುಗಳ ಆಸ್ಪತ್ರೆಗಳಲ್ಲಿ.

ಶಾಂಘೈನ ರುಯಿಜಿನ್ ಆಸ್ಪತ್ರೆಯ ವಾಂಗ್ ಝೆನ್‌ಯಿ ಅವರು ಹುಡುಕುತ್ತಿದ್ದುದು ಕ್ಯಾನ್ಸರ್ ಕಣವನ್ನು ಕೊಲ್ಲುವ ಔಷಧವನ್ನಲ್ಲ, ನಿಂತುಹೋದ ಕಣವನ್ನು ಮತ್ತೆ ಬೆಳೆಯಲು ಹಚ್ಚುವ ಔಷಧವನ್ನು. ಎ ಜೀವಸತ್ವದಿಂದ ಬಂದ ಆಲ್-ಟ್ರಾನ್ಸ್ ರೆಟಿನೋಯಿಕ್ ಆಮ್ಲ, ಅಂದರೆ ಆಟ್ರಾ, ಅವರ ಕೈಗೆ ಸಿಕ್ಕಿತು. 1985ರಲ್ಲಿ, ಉಳಿಯುವ ಆಸೆಯೇ ಇಲ್ಲದ ಐದು ವರ್ಷದ ಹುಡುಗಿಗೆ ಅದನ್ನು ನುಂಗಿಸಲಾಯಿತು. ಮಗು ಚೇತರಿಸಿಕೊಂಡಿತು. 1988ರಲ್ಲಿ ಅವರ ತಂಡ 24 ರೋಗಿಗಳ ವರದಿ ಪ್ರಕಟಿಸಿತು. ಒಬ್ಬರಿಗೆ ಮಾತ್ರ ಜೊತೆಗೆ ಕಡಿಮೆ ಪ್ರಮಾಣದ ಕೀಮೋ ಬೇಕಾಗಿತ್ತು. ಉಳಿದ 23 ಮಂದಿಯಲ್ಲಿ ಆಟ್ರಾ ಒಂದೇ ರೋಗಲಕ್ಷಣಗಳನ್ನು ಪೂರ್ತಿ ಅಡಗಿಸಿತ್ತು.

ಆದರೆ ಆಟ್ರಾ ಒಂದನ್ನೇ ನಂಬಿದವರಲ್ಲಿ ರೋಗ ಕೆಲವೇ ತಿಂಗಳಲ್ಲಿ ಮರುಕಳಿಸುತ್ತಿತ್ತು.

ಎರಡನೆಯ ಔಷಧ ಆಗಲೇ ದೂರದ ಹಾರ್ಬಿನ್‌ನಲ್ಲಿತ್ತು. 1970ರ ದಶಕದ ಆರಂಭದಲ್ಲಿ ಅಲ್ಲಿನ ವೈದ್ಯ ಝಾಂಗ್ ಟಿಂಗ್‌ಡಾಂಗ್ ಮತ್ತು ಅವರ ಸಂಗಡಿಗರು ಪಾಷಾಣ, ಪಾದರಸದ ಲವಣ, ಕಪ್ಪೆಯ ವಿಷ ಬೆರೆಸಿದ ಹಳ್ಳಿ ಮದ್ದೊಂದನ್ನು ಪರೀಕ್ಷಿಸಿದರು. ಒಂದೊಂದನ್ನೇ ಬಿಡಿಸಿ ನೋಡಿದಾಗ ಲ್ಯುಕೇಮಿಯಾದ ಮೇಲೆ ಕೆಲಸ ಮಾಡುತ್ತಿದ್ದುದು ಪಾಷಾಣ, ಅಂದರೆ ಆರ್ಸೆನಿಕ್ ಟ್ರೈಆಕ್ಸೈಡ್, ಎಂದು ಗೊತ್ತಾಯಿತು. 1997ರಲ್ಲಿ ಶಾಂಘೈ ತಂಡ ರೋಗ ಮರುಕಳಿಸಿದ 15 ಜನರಿಗೆ ಅದನ್ನು ಕೊಟ್ಟ ವಿವರ ಪ್ರಕಟಿಸಿತು. 14 ಮಂದಿಯಲ್ಲಿ ರೋಗ ಅಡಗಿತ್ತು.

ಇವು ಹೇಗೆ ಕೆಲಸ ಮಾಡುತ್ತವೆ ಎಂಬ ಉತ್ತರ ಬಂದದ್ದು ನಂತರ. 15 ಮತ್ತು 17ನೆಯ ಕ್ರೋಮೋಸೋಮುಗಳ ತುಂಡುಗಳು ಅದಲುಬದಲಾಗುವುದನ್ನು ಷಿಕಾಗೊದ ಜಾನೆಟ್ ರೌಲಿ 1977ರಲ್ಲೇ ತೋರಿಸಿದ್ದರು. ಆ ಬೆಸುಗೆಯಿಂದ ಹುಟ್ಟುವ ಪಿಎಂಎಲ್-ಆರ್‌ಎಆರ್‌ಎ ಎಂಬ ಪ್ರೋಟೀನೇ ಕಣದ ಬೆಳವಣಿಗೆಗೆ ತಡೆ. ಆಟ್ರಾ ಅದರ ಆರ್‌ಎಆರ್‌ಎ ತುದಿಯನ್ನು ಹಿಡಿಯುತ್ತದೆ. ಆರ್ಸೆನಿಕ್ ಪಿಎಂಎಲ್ ತುದಿಗೇ ನೇರವಾಗಿ ಅಂಟಿಕೊಳ್ಳುತ್ತದೆ ಎಂಬುದು 2010ರಲ್ಲಿ ಸ್ಪಷ್ಟವಾಯಿತು. ಒಂದೇ ಶತ್ರುವಿನ ಎರಡು ತುದಿಗಳ ಮೇಲೆ ಎರಡು ಔಷಧ. ಹಾಸಿಗೆಯ ಪಕ್ಕದಲ್ಲಿ ಕಂಡ ಫಲ ಮೊದಲು, ಅಣುಮಟ್ಟದ ವಿವರಣೆ ಆಮೇಲೆ. ಈ ಚರಿತ್ರೆಯಲ್ಲಿ ಒತ್ತಿ ಹೇಳಬೇಕಾದದ್ದು ಇದೇ.

ಎರಡನ್ನೂ ಜೊತೆಯಾಗಿ ಕೊಟ್ಟರೆ ರೋಗ ಇನ್ನೂ ಆಳವಾಗಿ ಅಡಗುತ್ತದೆ ಎಂದು ಶಾಂಘೈನ 61 ರೋಗಿಗಳ ಅಧ್ಯಯನ 2004ರಲ್ಲಿ ಹೇಳಿತು. ನಿರ್ಣಾಯಕ ಸಾಕ್ಷ್ಯ ಇಟಲಿ ಮತ್ತು ಜರ್ಮನಿಯಿಂದ ಬಂತು. ಫ್ರಾನ್ಸೆಸ್ಕೊ ಲೊ-ಕೊಕೊ ನೇತೃತ್ವದ ತಂಡ 2013ರಲ್ಲಿ ಪ್ರಕಟಿಸಿದ ಫಲಿತಾಂಶದ ಪ್ರಕಾರ, ಅಪಾಯ ಕಡಿಮೆಯಿರುವ ರೋಗಿಗಳಲ್ಲಿ ಎರಡು ವರ್ಷ ತೊಂದರೆಯಿಲ್ಲದೆ ಉಳಿದವರ ಪ್ರಮಾಣ ಜೋಡಿ ಔಷಧದಲ್ಲಿ ಶೇ. 97, ಆಟ್ರಾ ಮತ್ತು ಕೀಮೋದಲ್ಲಿ ಶೇ. 86.

ವಾರ್ಡಿನಲ್ಲಿ ಇದು ಸುಲಭದ ಚಿಕಿತ್ಸೆಯಲ್ಲ. ಎಪಿಎಲ್ ಎಂಬ ಅನುಮಾನ ಬಂದ ಕೂಡಲೇ, ವಂಶವಾಹಿ ಪರೀಕ್ಷೆಯ ವರದಿಗೆ ಕಾಯದೆ, ಆಟ್ರಾ ಶುರುಮಾಡಬೇಕು. ಪ್ಲೇಟ್‌ಲೆಟ್ ಕುಸಿಯದಂತೆ ರಕ್ತದ ಅಂಶಗಳನ್ನು ಏರಿಸುತ್ತಿರಬೇಕು. ಆರ್ಸೆನಿಕ್ ಹೃದಯದ ಲಯ ಕೆಡಿಸಬಲ್ಲದು. ಆದ್ದರಿಂದ ಮತ್ತೆ ಮತ್ತೆ ಇಸಿಜಿ, ಪೊಟ್ಯಾಸಿಯಂ ಮತ್ತು ಮೆಗ್ನೀಸಿಯಂ ಪರೀಕ್ಷೆ. ನರ್ಸ್ ದಿನವೂ ರೋಗಿಯ ತೂಕ ನೋಡುತ್ತಾರೆ. ತೂಕ ಏರಿ, ಜ್ವರ ಬಂದು, ಉಸಿರು ಕಟ್ಟಿದರೆ ಕಣಗಳು ಒಮ್ಮೆಲೇ ಬೆಳೆಯುತ್ತಿರುವುದರ ದುಷ್ಪರಿಣಾಮ ಅದಿರಬಹುದು. ಆಗ ತಡಮಾಡದೆ ಡೆಕ್ಸಮೆಥಾಸೋನ್ ಕೊಡುತ್ತಾರೆ.

ಭಾರತದ ಕೊಡುಗೆಯೂ ಸಣ್ಣದಲ್ಲ. ಆಟ್ರಾ-ಕೀಮೋದ ಖರ್ಚು ಭರಿಸಲಾಗದವರಿಗಾಗಿ ವೆಲ್ಲೂರಿನ ಕ್ರಿಶ್ಚಿಯನ್ ಮೆಡಿಕಲ್ ಕಾಲೇಜಿನ ವೈದ್ಯರು 1998ರಿಂದ ಹೊಸ ರೋಗಿಗಳಿಗೆ ಆರ್ಸೆನಿಕ್ ಒಂದನ್ನೇ ಕೊಟ್ಟರು. ವಿಕ್ರಮ್ ಮ್ಯಾಥ್ಯೂಸ್ ಮತ್ತು ಸಹೋದ್ಯೋಗಿಗಳು 2006ರಲ್ಲಿ ಪ್ರಕಟಿಸಿದ ವರದಿಯಲ್ಲಿ 72 ರೋಗಿಗಳ ಪೈಕಿ ಶೇ. 86ರಷ್ಟು ಮಂದಿಯಲ್ಲಿ ರೋಗ ಪೂರ್ತಿ ಅಡಗಿತ್ತು. ಬಡತನದ ಒತ್ತಡದಲ್ಲಿ ಆರಿಸಿಕೊಂಡ ದಾರಿ ಜಗತ್ತಿಗೇ ಪುರಾವೆಯಾಯಿತು.

ಬಿಳಿ ಕಣಗಳ ಸಂಖ್ಯೆ 10,000 ದಾಟಿ ಬರುವವರಿಗೆ ಇಂದಿಗೂ ಸಾಮಾನ್ಯವಾಗಿ ಕೀಮೋದ ಒಂದಷ್ಟು ನೆರವು ಸೇರಿಸುತ್ತಾರೆ. ರಕ್ತಸ್ರಾವದಿಂದಾಗುವ ಆರಂಭದ ಸಾವು ಮಾತ್ರ ಇನ್ನೂ ನಿಂತಿಲ್ಲ. ವಸಡಿನಲ್ಲಿ ರಕ್ತ, ಮೈಮೇಲೆ ನೀಲಿ ಕಲೆ ಎಂದು ಬರುವ ರೋಗಿಯ ರಕ್ತದ ಸ್ಲೈಡನ್ನು ಅದೇ ದಿನ ನೋಡುವ ಕಣ್ಣು ತಾಲ್ಲೂಕು ಆಸ್ಪತ್ರೆಯಲ್ಲೂ ಇದ್ದರೆ ಆ ಸಾವುಗಳಲ್ಲಿ ಹಲವನ್ನು ತಪ್ಪಿಸಬಹುದು.