ಬಾಣದ ಗುರುತುಗಳ ಚರಿತ್ರೆ: ಜೀವಕೋಶದ ನಕ್ಷೆ ಬರೆದವರು

ಬಯಾಲಜಿ ಓದಿದ ಯಾರನ್ನಾದರೂ ಕೇಳಿ, ಪರೀಕ್ಷೆಗೆ ಉರು ಹೊಡೆದು ಮಾರನೇ ದಿನವೇ ಮರೆತ ಚಿತ್ರ ಯಾವುದು ಅಂತ. ಹೆಚ್ಚಿನವರು ಕ್ರೆಬ್ಸ್ ಸೈಕಲ್ ಅನ್ನುತ್ತಾರೆ. ದುಂಡನೆಯ ಒಂದು ಗೆರೆ, ಸುತ್ತ ಬಾಣಗಳು, ಬಾಣದ ಪಕ್ಕ ನಾಲಿಗೆ ಹೊರಳದ ಹೆಸರುಗಳು. ಆ ಚಿತ್ರವನ್ನು ಯಾರು ಬರೆದರು, ಏನು ಹಿಡಿದು ಬರೆದರು ಅಂತ ಮಾತ್ರ ನಾವು ಯೋಚಿಸಲ್ಲ. ಅದಕ್ಕೂ ಒಂದು ಚರಿತ್ರೆ ಇದೆ, ಅದರಲ್ಲಿ ಬೆಂಗಳೂರಿನ ವೈಟ್‌ಫೀಲ್ಡ್‌ದೂ ಒಂದು ಅಧ್ಯಾಯ ಇದೆ. ಬರಹ, ನುಡಿ, ಯೂನಿಕೋಡ್ ಅಂತ ಒದ್ದಾಡಿ ಕನ್ನಡ ಕುಟ್ಟುವ ನಮ್ಮಂಥವರಿಗೆ ಈ ಕಥೆ ಎಲ್ಲೋ ಕೇಳಿದ ಹಾಗೇ ಅನ್ನಿಸುತ್ತೆ. ಯಾಕೆ ಅಂತ ಮುಂದೆ ಗೊತ್ತಾಗುತ್ತೆ.

ಮೊದಲು ಎರಡು ಮಾತನ್ನು ಬಿಡಿಸಿಕೊಳ್ಳಬೇಕು. ಜೀವಕೋಶದೊಳಗೆ ಒಂದು ವಸ್ತು ಇನ್ನೊಂದಾಗಿ, ಅದು ಮತ್ತೊಂದಾಗಿ ಬದಲಾಗುತ್ತಾ ಹೋಗುವ ಸಾಲು ಇದೆಯಲ್ಲ, ಅದು ಮೆಟಬಾಲಿಕ್ ಪಾಥ್‌ವೇ, ಚಯಾಪಚಯದ ಹಾದಿ. ಇನ್ನೊಂದು ಸಿಗ್ನಲಿಂಗ್ ಪಾಥ್‌ವೇ. ಅಲ್ಲಿ ಹರಿಯುವುದು ವಸ್ತು ಅಲ್ಲ, ಸುದ್ದಿ. ನಮ್ಮ ದಬ್ಬೇಘಟ್ಟದ ಕಡೆ ಮಾತಲ್ಲಿ ಹೇಳೋದಾದರೆ ಮೊದಲನೆಯದು ನಾಲೆ, ಎರಡನೆಯದು ನೀರುಗಂಟಿಗೆ ಬರುವ ಹೇಳಿಕೆ. ನಾಲೆಯಲ್ಲಿ ನೀರೇ ಹರಿದು ತೋಟ ಸೇರುತ್ತೆ. ನೀರುಗಂಟಿಗೆ ಯಾರೋ ಹೇಳಿ ಕಳಿಸುತ್ತಾರೆ, ಅವನು ತೂಬು ಎತ್ತುತ್ತಾನೆ. ಊಟ ಆದ ಮೇಲೆ ಇನ್ಸುಲಿನ್ ಬಂದು ಕೋಶದ ಬಾಗಿಲಲ್ಲಿರುವ ರಿಸೆಪ್ಟರ್‌ಗೆ ತಾಗುತ್ತೆ, ಆದರೆ ಅದು ತಾನೇ ಒಳಗೆ ನುಗ್ಗಿ ಸಕ್ಕರೆ ಹೊತ್ತು ತರಲ್ಲ. ರಿಸೆಪ್ಟರ್ ಒಳಗಿನ ಪ್ರೋಟೀನಿಗೆ ಹೇಳುತ್ತೆ, ಅದು ಇನ್ನೊಂದಕ್ಕೆ... ಹೀಗೆ ಸುದ್ದಿ ದಾಟಿ ದಾಟಿ ಕೊನೆಗೆ ಗ್ಲೂಟ್-4 ಅನ್ನುವ ಸಾಗಣೆ ಪ್ರೋಟೀನುಗಳು ಒಳಗಿಂದ ಅಂಚಿಗೆ ಬಂದು ನಿಲ್ಲುತ್ತವೆ, ಆಗ ಸಕ್ಕರೆ ಒಳಕ್ಕೆ. ಈ ಹೇಳಿಕೆ ಸರಿಯಾಗಿ ದಾಟದೆ ಹೋದರೆ ಏನಾಗುತ್ತೆ ಅನ್ನೋದು ಸಕ್ಕರೆ ಕಾಯಿಲೆ ಇರುವ ಮನೆಯವರಿಗೆಲ್ಲ ಗೊತ್ತು.

ನಾಲೆಯ ನಕ್ಷೆಗಳು ಮೊದಲು ಬಂದವು. ಹ್ಯಾನ್ಸ್ ಕ್ರೆಬ್ಸ್ ಪಾರಿವಾಳದ ಎದೆಯ ಮಾಂಸದ ಮೇಲೆ ಪ್ರಯೋಗ ಮಾಡಿ ತನ್ನ ಚಕ್ರವನ್ನು ಕಂಡುಕೊಂಡಿದ್ದು 1937ರಲ್ಲಿ. ನೇಚರ್ ಪತ್ರಿಕೆ ಅವರ ಲೇಖನವನ್ನು ವಾಪಸ್ ಕಳಿಸಿತ್ತು, ಆಮೇಲೆ ಅದು ಎಂಜೈಮೊಲೊಜಿಯಾ ಅನ್ನುವ ಪತ್ರಿಕೆಯಲ್ಲಿ ಬಂತು. 1953ರಲ್ಲಿ ನೊಬೆಲ್ ಸಿಕ್ಕಿತು. (ಲೇಖನ ವಾಪಸ್ ಬಂತು ಅಂತ ಬೇಜಾರು ಮಾಡಿಕೊಂಡಿರುವ ಬ್ಲಾಗಿಗರು ಇದನ್ನು ಬರೆದಿಟ್ಟುಕೊಳ್ಳಿ!) ಮುಂದಿನ ಹದಿನೈದು ಇಪ್ಪತ್ತು ವರ್ಷದಲ್ಲಿ ಇಂಥ ಹಾದಿಗಳು ಒಂದೊಂದಾಗಿ ಸಿಗುತ್ತಾ ಹೋದವು. ಇಂಗ್ಲೆಂಡಿನ ಲೀಡ್ಸ್ ವಿಶ್ವವಿದ್ಯಾಲಯದಲ್ಲಿ ಪಾಠ ಮಾಡುತ್ತಿದ್ದ ಡೊನಾಲ್ಡ್ ನಿಕೋಲ್ಸನ್ 1950ರ ದಶಕದಲ್ಲಿ ಇವನ್ನೆಲ್ಲ ಒಂದೇ ಹಾಳೆಗೆ ತರಲು ಕೂತರು. ಕೈಯಲ್ಲೇ ಬರೆದ ನಕ್ಷೆ. ಒಂದು ಹಾದಿಯ ಕೊನೆ ಇನ್ನೊಂದರ ಮೊದಲಾಗಿರುತ್ತಲ್ಲ, ಬೇರೆ ಬೇರೆ ಪುಟದಲ್ಲಿದ್ದಾಗ ಅದು ಕಣ್ಣಿಗೆ ಬೀಳಲ್ಲ. ಒಂದೇ ಹಾಳೆಗೆ ತಂದಾಗ ಕೋಶ ಅನ್ನೋದು ಒಂದು ಊರಿನ ಹಾಗೆ ಕಾಣತೊಡಗಿತು. ಹೊಸದು ಗೊತ್ತಾದ ಹಾಗೆಲ್ಲ ತಿದ್ದಿ ತಿದ್ದಿ ಇಪ್ಪತ್ತಕ್ಕೂ ಹೆಚ್ಚು ಆವೃತ್ತಿ ತಂದರು. 2012ರಲ್ಲಿ ತೀರಿಕೊಂಡಾಗ ಅವರಿಗೆ ತೊಂಬತ್ತು ದಾಟಿತ್ತು. ಜರ್ಮನಿಯ ಬೋಯರಿಂಗರ್ ಮಾನ್‌ಹೈಮ್ ಕಂಪನಿಯಲ್ಲಿದ್ದ ಗೆರ್ಹಾರ್ಡ್ ಮಿಖಾಲ್ 1960ರ ದಶಕದಲ್ಲಿ ಇನ್ನೊಂದು ಗೋಡೆ ನಕ್ಷೆ ತಂದರು. ಜಗತ್ತಿನ ಎಷ್ಟೋ ಲ್ಯಾಬುಗಳ ಗೋಡೆ ಮೇಲೆ ಧೂಳು ತಿನ್ನುತ್ತಾ ನೇತಾಡಿದ್ದು ಅದೇ.

ಸುದ್ದಿಯ ನಕ್ಷೆಗಳು ತಡವಾಗಿ ಬಂದವು. 1950ರ ದಶಕದ ಕೊನೆಗೆ ಅರ್ಲ್ ಸದರ್‌ಲೆಂಡ್, ಹಾರ್ಮೋನು ಹೊರಗೇ ನಿಂತಿದ್ದರೂ ಕೋಶದೊಳಗೆ ಸೈಕ್ಲಿಕ್ ಎಎಂಪಿ ಅನ್ನುವ ಇನ್ನೊಬ್ಬ ದೂತ ಓಡಾಡುತ್ತಾನೆ ಅಂತ ತೋರಿಸಿದರು. ಅದಕ್ಕೆ 1971ರಲ್ಲಿ ನೊಬೆಲ್. ಇವನ್ನು ಬರೆಯೋದು ನಾಲೆ ಬರೆದಷ್ಟು ಸುಲಭ ಅಲ್ಲ. ನೀರು ಎತ್ತ ಹರಿಯುತ್ತೋ ಅತ್ತ ಬಾಣ ಹಾಕಿದರಾಯಿತು. ಆದರೆ 'ಎ ಪ್ರೋಟೀನು ಬಿ ಪ್ರೋಟೀನನ್ನು ಎಬ್ಬಿಸುತ್ತೆ' ಅನ್ನೋದಕ್ಕೂ ಬಾಣ, 'ಎ ಹೋಗಿ ಬಿಗೆ ಅಂಟಿಕೊಳ್ಳುತ್ತೆ' ಅನ್ನೋದಕ್ಕೂ ಬಾಣ, 'ಎ ನ್ಯೂಕ್ಲಿಯಸ್ ಒಳಗೆ ಹೋಗುತ್ತೆ' ಅನ್ನೋದಕ್ಕೂ ಅದೇ ಬಾಣ ಹಾಕಿದರೆ ಓದುವವನು ಏನಂತ ತಿಳೀಬೇಕು? 1999ರಲ್ಲಿ ಅಮೆರಿಕದ ನ್ಯಾಷನಲ್ ಕ್ಯಾನ್ಸರ್ ಇನ್‌ಸ್ಟಿಟ್ಯೂಟಿನ ಕರ್ಟ್ ಕೋನ್, ಕೋಶ ಒಡೆಯುವುದಕ್ಕೂ ಡಿಎನ್ಎ ರಿಪೇರಿಗೂ ಸಂಬಂಧಿಸಿದ ಒಂದು ದೊಡ್ಡ ನಕ್ಷೆಯನ್ನು ಬರೆದರು. ನೋಡಿದರೆ ಹಳೇ ರೇಡಿಯೋದ ಸರ್ಕ್ಯೂಟ್ ಚಿತ್ರದ ಹಾಗಿದೆ. ಒಂದೊಂದು ಬಗೆಯ ಸಂಬಂಧಕ್ಕೂ ಒಂದೊಂದು ಗುರುತು ಇಟ್ಟಿದ್ದರು. ನನ್ನ ಮಟ್ಟಿಗೆ ಅದು ಚಂದದ ಚಿತ್ರ ಅಲ್ಲ, ಆದರೆ ಪ್ರಾಮಾಣಿಕ ಚಿತ್ರ.

ಈಗ ಕಂಪ್ಯೂಟರಿಗೆ ಬರೋಣ. 1995ರಲ್ಲಿ ಜಪಾನಿನ ಕ್ಯೋಟೋದಲ್ಲಿ ಮಿನೋರು ಕನೆಹಿಸಾ ಅವರು ಕೆಗ್ ಅನ್ನುವ ಮಾಹಿತಿ ಕೋಶವನ್ನು ಶುರು ಮಾಡಿದರು. ಚಿತ್ರ ಮನುಷ್ಯರೇ ಬರೆದದ್ದು, ಆದರೆ ಡಬ್ಬಿಯ ಮೇಲೆ ಒತ್ತಿದರೆ ಆ ಎಂಜೈಮಿನ ಜಾತಕ ತೆರೆದುಕೊಳ್ಳುತ್ತಿತ್ತು. ಗೋಡೆ ನಕ್ಷೆಗೆ ಜೀವ ಬಂದ ಹಾಗೆ. ಮಿಕ್ಕ ವಿಜ್ಞಾನಿಗಳು ಏನು ಮಾಡುತ್ತಿದ್ದರು? ಪವರ್‌ಪಾಯಿಂಟಲ್ಲೋ ಕೋರೆಲ್‌ಡ್ರಾದಲ್ಲೋ ಮೊಟ್ಟೆಯಾಕಾರ ಎಳೆದು, ಹೆಸರು ಬರೆದು, ಬಾಣ ಹಾಕಿ ಪತ್ರಿಕೆಗೆ ಕಳಿಸುತ್ತಿದ್ದರು.

ಇಲ್ಲೇ ನೋಡಿ ನಮ್ಮ ಕಥೆ ಬರೋದು. ಯೂನಿಕೋಡಿಗೆ ಮುಂಚಿನ ಕನ್ನಡ ಫಾಂಟುಗಳು ನೆನಪಿವೆಯಾ? ಪರದೆ ಮೇಲೆ 'ಕ' ಕಾಣುತ್ತಿತ್ತು, ಆದರೆ ಕಂಪ್ಯೂಟರಿನ ಹೊಟ್ಟೆಯಲ್ಲಿ ಇದ್ದದ್ದು ಯಾವುದೋ ಇಂಗ್ಲಿಷ್ ಚಿಹ್ನೆ. ಫಾಂಟ್ ಬದಲಾದರೆ ಇಡೀ ಲೇಖನ ಕಲಸುಮೇಲೋಗರ. ಹುಡುಕೋಕೆ ಆಗಲ್ಲ, ಅಕಾರಾದಿಯಾಗಿ ಜೋಡಿಸೋಕೆ ಆಗಲ್ಲ. ಕಣ್ಣಿಗೆ ಕನ್ನಡ, ಯಂತ್ರಕ್ಕೆ ಗೀಚು. 1991ರ ಮೊದಲ ಯೂನಿಕೋಡ್ ಆವೃತ್ತಿಯಲ್ಲೇ ಕನ್ನಡಕ್ಕೆ ಜಾಗ ಸಿಕ್ಕಿದ್ದರೂ ನಮ್ಮ ಕೈಗೆ ಅದು ಎಟುಕೋಕೆ ಹತ್ತು ವರ್ಷದ ಮೇಲೆ ಬೇಕಾಯಿತು. ಪವರ್‌ಪಾಯಿಂಟಿನ ಪಾಥ್‌ವೇ ಕೂಡ ಹಾಗೇ. ಓದುವವನಿಗೆ ಅದು ಇನ್ಸುಲಿನ್ ಹಾದಿ, ಕಂಪ್ಯೂಟರಿಗೆ ಒಂದಷ್ಟು ಮೊಟ್ಟೆ ಮತ್ತು ಗೆರೆ. ಈ ಗೆರೆಯ ಈ ತುದಿ ಆ ಪ್ರೋಟೀನಿಗೆ ಸೇರಿದ್ದು ಅಂತ ಅದಕ್ಕೆ ಗೊತ್ತಿಲ್ಲ.

ಹಾಗಾಗಿ ಇವರಿಗೂ ಒಂದು ಯೂನಿಕೋಡ್ ಬೇಕಾಯಿತು. ಒಂದಲ್ಲ, ಹಲವು ಬಂದವು. 2003ರಲ್ಲಿ ಎಸ್‌ಬಿಎಂಎಲ್ ಅನ್ನುವ ಬರವಣಿಗೆಯ ಕ್ರಮ, ಅದೇ ಹೊತ್ತಿಗೆ ಜಪಾನಿನ ಕಿಟಾನೊ, ಫುನಾಹಾಶಿ ಮೊದಲಾದವರ ಸೆಲ್‌ಡಿಸೈನರ್, ಮತ್ತು ಜಾಲಗಳನ್ನು ತೋರಿಸುವ ಸೈಟೋಸ್ಕೇಪ್. ಬಾಣಗಳ ವ್ಯಾಕರಣ ಅನ್ನಬಹುದಾದ ಎಸ್‌ಬಿಜಿಎನ್ 2009ರಲ್ಲಿ ಬಂತು. ನನಗೆ ಇವೆಲ್ಲಕ್ಕಿಂತ ಇಷ್ಟವಾಗೋದು ಪಾಥ್‌ವಿಜಿಯೊ. ನೆದರ್‌ಲೆಂಡ್ಸಿನ ಮಾಸ್ಟ್ರಿಕ್ಟ್ ವಿಶ್ವವಿದ್ಯಾಲಯದವರು 2008ರಲ್ಲಿ ಪ್ರಕಟಿಸಿದ ಮುಕ್ತ ತಂತ್ರಾಂಶ. ಅದಕ್ಕೂ ಮುಂಚೆ ಸ್ಯಾನ್ ಫ್ರಾನ್ಸಿಸ್ಕೊದಲ್ಲಿ ಮಾಡಿದ ಜೆನ್‌ಮ್ಯಾಪ್ ಇತ್ತು, ಆದರೆ ಅದು ವಿಂಡೋಸ್‌ನಲ್ಲಿ ಮಾತ್ರ ಓಡುತ್ತಿತ್ತು. ಪಾಥ್‌ವಿಜಿಯೊದಲ್ಲಿ ಡಬ್ಬಿ ಎಳೆದು ಸುಮ್ಮನೆ ಹೆಸರು ಬರೆದರೆ ಮುಗಿಯಲ್ಲ, ಅದಕ್ಕೆ ಮಾಹಿತಿ ಕೋಶದ ನಂಬರು ಕೊಡಬೇಕು. ಗೆರೆಯ ತುದಿ ಡಬ್ಬಿಗೆ ಕೊಂಡಿ ಹಾಕಿಕೊಂಡರೆ ಡಬ್ಬಿ ಸರಿಸಿದಾಗ ಗೆರೆಯೂ ಹಿಂದೆ ಬರುತ್ತೆ. ಯಾವ ಲೇಖನದ ಆಧಾರದ ಮೇಲೆ ಈ ಬಾಣ ಹಾಕಿದಿರಿ ಅಂತಲೂ ಬರೆದಿಡಬಹುದು. ಅದೇ ವರ್ಷ ವಿಕಿಪಾಥ್‌ವೇಸ್ ಕೂಡ ಬೆಳಕಿಗೆ ಬಂತು. ವಿಕಿಪೀಡಿಯಾ ನಡೆಯುವ ತಂತ್ರಾಂಶದ ಮೇಲೇ ಕಟ್ಟಿದ್ದು, ಯಾರು ಬೇಕಾದರೂ ಹಾದಿ ಬರೆಯಬಹುದು, ತಿದ್ದಬಹುದು.

ಇನ್ನು ವೈಟ್‌ಫೀಲ್ಡ್. 2002ರಲ್ಲಿ ಅಖಿಲೇಶ್ ಪಾಂಡೆ ಅವರು ಐಟಿಪಿಎಲ್ ಆವರಣದಲ್ಲಿ ಇನ್‌ಸ್ಟಿಟ್ಯೂಟ್ ಆಫ್ ಬಯೋಇನ್‌ಫರ್ಮ್ಯಾಟಿಕ್ಸ್ ಶುರು ಮಾಡಿದರು. ಸುತ್ತಮುತ್ತ ಸಾಫ್ಟ್‌ವೇರ್ ಕಂಪನಿಗಳು ಬೇರೆ ದೇಶದ ಬ್ಯಾಂಕಿನ ಲೆಕ್ಕ ಬರೆಯುತ್ತಿದ್ದಾಗ ಇಲ್ಲಿ ಒಂದಷ್ಟು ಹುಡುಗ ಹುಡುಗಿಯರು ಬೆಳಗಿಂದ ಸಂಜೆವರೆಗೆ ಸಂಶೋಧನಾ ಲೇಖನಗಳನ್ನು ಓದುತ್ತಿದ್ದರು. ಓದೋದೇ ಕೆಲಸ! ಈ ಪ್ರೋಟೀನು ಆ ಪ್ರೋಟೀನಿಗೆ ಅಂಟುತ್ತೆ ಅಂತ ಪ್ರಯೋಗದಲ್ಲಿ ತೋರಿಸಿದ್ದಾರಾ, ಯಾವ ವಿಧಾನದಲ್ಲಿ, ದೇಹದ ಯಾವ ಜಾಗದಲ್ಲಿ ಅಂತ ಹೆಕ್ಕಿ ತುಂಬಿಸುವುದು. ಹಾಗೆ ಆದದ್ದು ಮಾನವ ಪ್ರೋಟೀನುಗಳ ಮಾಹಿತಿ ಕೋಶ ಎಚ್‌ಪಿಆರ್‌ಡಿ, 2003ರಲ್ಲಿ ಪ್ರಕಟವಾಯಿತು. ಯಂತ್ರಕ್ಕೆ ಓದಿಸಿ ಮಾಡಬಹುದಲ್ಲ ಅನ್ನುವ ಮಾತು ಆಗಲೂ ಇತ್ತು. ಆದರೆ ಒಂದೇ ಜೀನಿಗೆ ನಾಲ್ಕು ಅಡ್ಡಹೆಸರು, ಒಂದೇ ಅಡ್ಡಹೆಸರು ಎರಡು ಜೀನಿಗೆ ಇರುವ ಈ ಲೋಕದಲ್ಲಿ ಜೀವಶಾಸ್ತ್ರ ಬಲ್ಲ ಕಣ್ಣೇ ಬೇಕಿತ್ತು.

ಅದರ ಮುಂದಿನ ಹೆಜ್ಜೆ ನೆಟ್‌ಪಾಥ್, ಸುದ್ದಿಯ ಹಾದಿಗಳದ್ದು. 2010ರ ಜನವರಿಯಲ್ಲಿ ಜೀನೋಮ್ ಬಯಾಲಜಿ ಪತ್ರಿಕೆಯಲ್ಲಿ ಬಂತು. ಕ್ಯಾನ್ಸರಿಗೆ ಸಂಬಂಧಿಸಿದ ಹತ್ತು ಹಾದಿ, ರೋಗನಿರೋಧಕ ಶಕ್ತಿಗೆ ಸಂಬಂಧಿಸಿದ ಹತ್ತು. ಕ್ಯಾನ್ಸರ್ ಹಾದಿಗಳಿಗೆ ನ್ಯೂಯಾರ್ಕಿನ ಮೆಮೋರಿಯಲ್ ಸ್ಲೋನ್ ಕೆಟರಿಂಗ್ ಕೇಂದ್ರದವರೂ ಟೊರಾಂಟೊದವರೂ ಜೊತೆಯಾಗಿದ್ದರು. ಇದಕ್ಕೆಂದು ಬೆಂಗಳೂರಿನವರೇ ಪಾಥ್‌ಬಿಲ್ಡರ್ ಅನ್ನುವ ಮುಕ್ತ ತಂತ್ರಾಂಶ ಬರೆದು 2009ರಲ್ಲಿ ಹೊರಗೆ ಬಿಟ್ಟಿದ್ದರು. ನೆಟ್‌ಪಾಥ್‌ನಲ್ಲಿ ಒಂದು ತೊಡಕೂ ಇತ್ತು. ಒಂದೊಂದು ಹಾದಿಗೂ ನೂರಾರು ಪ್ರತಿಕ್ರಿಯೆ ಸೇರಿ, ಎಲ್ಲವನ್ನೂ ಬರೆದರೆ ಚಿತ್ರ ಹೋಗಿ ಜೇಡರ ಬಲೆ ಆಗುತ್ತೆ. ಅದಕ್ಕೆ 2011ರಲ್ಲಿ ನೆಟ್‌ಸ್ಲಿಮ್ ಅಂತ ಮಾಡಿದರು. ಗಟ್ಟಿ ಆಧಾರ ಇರುವ ಮುಖ್ಯ ಪ್ರತಿಕ್ರಿಯೆಗಳನ್ನು ಮಾತ್ರ ಇಟ್ಟುಕೊಂಡು ಪಾಥ್‌ವಿಜಿಯೊದಲ್ಲಿ ಬರೆದ ನಕ್ಷೆಗಳು. ಯಾವುದನ್ನು ಬಿಡಬೇಕು ಅಂತ ನಿರ್ಧರಿಸೋದು ಸೇರಿಸೋದಕ್ಕಿಂತ ಕಷ್ಟದ ಕೆಲಸ. ಇವುಗಳಲ್ಲಿ ಹಲವು ವಿಕಿಪಾಥ್‌ವೇಸ್ ಸೇರಿದವು, ಇವತ್ತಿಗೂ ಅಲ್ಲಿ ಕಿಟ್ ರಿಸೆಪ್ಟರಿನ ಹಾದಿ ತೆಗೆದರೆ ಇದು ನೆಟ್‌ಪಾಥ್‌ನಿಂದ ಬಂದದ್ದು ಅಂತ ಇರುತ್ತೆ. ಈ ಕೆಲಸದಲ್ಲಿದ್ದ ಕೇಶವ ಪ್ರಸಾದ್ ಅವರು ಮುಂದೆ ಮಂಗಳೂರಿನ ಯೆನೆಪೋಯ ವಿಶ್ವವಿದ್ಯಾಲಯಕ್ಕೆ ಹೋದರು, ಅಲ್ಲಿಂದಲೂ ಇಂಥ ನಕ್ಷೆಗಳು ಬಂದಿವೆ.

ಎಚ್‌ಪಿಆರ್‌ಡಿಯ ಒಂಬತ್ತನೇ ಬಿಡುಗಡೆ 2010ರಲ್ಲಿ ಆಯಿತು, ಅದೇ ಕೊನೆ. 2011ರಲ್ಲಿ ಕೆಗ್ ಕೂಡ ತನ್ನ ಇಡೀ ದತ್ತಾಂಶವನ್ನು ಇಳಿಸಿಕೊಳ್ಳುವವರಿಗೆ ಚಂದಾ ಇಟ್ಟಿತು. ಹೊಸದು ಕಂಡುಹಿಡಿಯೋಕೆ ದುಡ್ಡು ಕೊಡುವವರು, ಇದ್ದದ್ದನ್ನು ಓದಿ ಒಪ್ಪ ಮಾಡಿಡುವವರಿಗೆ ವರ್ಷ ವರ್ಷ ಕೊಡೋಕೆ ಹಿಂದೆ ಮುಂದೆ ನೋಡುತ್ತಾರೆ. ಹಳೇ ನಿಘಂಟಿನ ಕೆಲಸ ಮಾಡಿದವರನ್ನು ಕೇಳಿ, ಇದೇ ಮಾತು ಹೇಳುತ್ತಾರೆ.

ನಮ್ಮ ತೆಂಗಿನ ಸೀಮೆಯವರಿಗೆ ಈ ಬಾಣಗಳಿಂದ ಆಗಬೇಕಾದ್ದೇನು ಅಂತೀರಾ? ಕೊಬ್ಬರಿ ಎಣ್ಣೆಯ ಕೊಬ್ಬಿನಾಮ್ಲದಲ್ಲಿ ಹೆಚ್ಚೂ ಕಮ್ಮಿ ಅರ್ಧ ಲಾರಿಕ್ ಆಮ್ಲ. ಗಿಡಗಳು ಕೊಬ್ಬಿನಾಮ್ಲವನ್ನು ಎರಡೆರಡು ಇಂಗಾಲ ಜೋಡಿಸುತ್ತಾ ಬೆಳೆಸುತ್ತವೆ. ಹೆಚ್ಚಿನ ಎಣ್ಣೆಕಾಳುಗಳಲ್ಲಿ ಅದು 16, 18ಕ್ಕೆ ಹೋಗಿ ನಿಲ್ಲುತ್ತೆ, ತೆಂಗಿನ ತಿರುಳಲ್ಲಿ ಬಹುಪಾಲು 12ಕ್ಕೇ ಕಡಿತ. ಸೋಪು, ಶಾಂಪೂ ಮಾಡುವವರಿಗೆ ಬೇಕಾದ್ದು ಈ 12. ಕ್ಯಾಲಿಫೋರ್ನಿಯಾದ ಕ್ಯಾಲ್‌ಜೀನ್ ಕಂಪನಿಯವರು ಈ ಹಾದಿಯಲ್ಲಿ ಕತ್ತರಿ ಹಾಕುವ ಎಂಜೈಮನ್ನು ಅಲ್ಲಿನ ಬೇ ಮರದಿಂದ ತೆಗೆದು ರೇಪ್ ಸಾಸಿವೆಗೆ ಸೇರಿಸಿದರು, 1995ರ ಹೊತ್ತಿಗೆ ಅದು ಹೊಲದಲ್ಲಿತ್ತು. ಲಾರಿಕ್ ಬಂತು, ಆದರೆ ಎಣ್ಣೆಯ ಅಣುವಿನಲ್ಲಿರುವ ಮೂರು ಸ್ಥಾನಗಳಲ್ಲಿ ನಡುವಿನದಕ್ಕೆ ಮಾತ್ರ ಕೂರುತ್ತಿರಲಿಲ್ಲ. ಅಲ್ಲಿಗೆ ಕೂರಿಸುವ ಎಂಜೈಮನ್ನು ಎಲ್ಲಿಂದ ತಂದರು ಗೊತ್ತಾ? ತೆಂಗಿನಕಾಯಿಯಿಂದ! ಅದನ್ನು ಸೇರಿಸಿದ ಮೇಲೆ ನಡುವಿನ ಸ್ಥಾನವೂ ತುಂಬಿತು. ಆ ಸಾಸಿವೆ ಮಾರುಕಟ್ಟೆಯಲ್ಲಿ ನಿಲ್ಲಲಿಲ್ಲ ಅನ್ನೋದು ಬೇರೆ ಮಾತು. ತಿಪಟೂರಿನ ಕೊಬ್ಬರಿಗೆ ಎದುರಾಳಿಯನ್ನು ತಿಪಟೂರಿನ ಕಾಯಿಯೊಳಗಿನದೇ ಬಾಣ ಹಿಡಿದು ತಯಾರು ಮಾಡಬಹುದು ಅಂದರೆ, ನಕ್ಷೆ ಓದಬಲ್ಲವರು ಅಟ್ಟದ ಕೆಳಗೂ ನಾಲ್ಕು ಜನ ಇರಬೇಕಲ್ಲವೇ?

ಈಗಂತೂ ಚಿತ್ರ ಬರೆಯೋದು ಬಲು ಸಲೀಸು. ಟೊರಾಂಟೊದಲ್ಲಿ 2017ರಲ್ಲಿ ಶುರುವಾದ ಬಯೋರೆಂಡರ್‌ನಲ್ಲಿ ಮೈಟೊಕಾಂಡ್ರಿಯಾ, ಇಲಿ, ಸಿರಿಂಜು ಎಲ್ಲ ಸಿದ್ಧ ಇವೆ, ಎಳೆದು ಇಟ್ಟರೆ ಸಾಕು. ಪತ್ರಿಕೆಗಳ ಚಿತ್ರಗಳೆಲ್ಲ ಒಂದೇ ತಾಯಿಯ ಮಕ್ಕಳ ಹಾಗೆ ಕಾಣತೊಡಗಿವೆ. ಕಣ್ಣಿಗೆ ಹಬ್ಬವೇ, ಆದರೆ ಪ್ರಕಟವಾಗುವಾಗ ಉಳಿಯೋದು ಚಿತ್ರ ಮಾತ್ರ, ಅಂದರೆ ಹಳೇ ಫಾಂಟಿನ ಕಥೆಯೇ. ವಿಕಿಪಾಥ್‌ವೇಸ್ ಬಳಗದವರು 1995ರಿಂದ 2019ರವರೆಗಿನ ಲೇಖನಗಳಿಂದ 64,643 ಪಾಥ್‌ವೇ ಚಿತ್ರಗಳನ್ನು ಹೆಕ್ಕಿ, ಓಸಿಆರ್ ಹಾಕಿ ಒಳಗಿನ ಜೀನುಗಳ ಹೆಸರು ಓದಿಸಿ 2020ರಲ್ಲಿ ಪ್ರಕಟಿಸಿದರು. ಹೆಸರುಗಳು ಸಿಕ್ಕವು. ಬಾಣಗಳು ಯಾವುದರಿಂದ ಯಾವುದಕ್ಕೆ ಅನ್ನೋದು ಹಾಗೆ ಸುಲಭಕ್ಕೆ ಸಿಗುವಂಥದ್ದಲ್ಲ. ಹಳೇ ಕನ್ನಡ ಪುಸ್ತಕವನ್ನು ಓಸಿಆರ್‌ಗೆ ಕೊಟ್ಟು ಒತ್ತಕ್ಷರ ತಿದ್ದುತ್ತಾ ಕೂತವರಿಗೆ ಈ ಸಂಕಟ ಬಿಡಿಸಿ ಹೇಳಬೇಕಿಲ್ಲ.

ಪಾಥ್‌ವಿಜಿಯೊ ಕಡತ ಎಕ್ಸ್‌ಎಂಎಲ್‌ನಲ್ಲಿ ಇರೋದರಿಂದ ಹೆಸರುಗಳನ್ನು ಕನ್ನಡದಲ್ಲೂ ಬರೆಯಬಹುದು. ಲಾರಿಕ್ ಆಮ್ಲದ ಹಾದಿಯನ್ನು ಹಾಗೆ ಬರೆಯೋಣ ಅಂತ ಕೂತಿದ್ದೇನೆ. ಪಾಥ್‌ವೇಗೆ ಹಾದಿ ಅಂದರೆ ಸಾಕೋ, ಪಥ ಅನ್ನಬೇಕೋ, ಜಾಡು ಅಂದರೆ ಹೇಗೆ? ನಿಮಗೇನನ್ನಿಸುತ್ತೆ, ಹೇಳಿ.